ಸಂಖ್ಯೆಯಾಗಿ ಉಳಿದ ಸಿಪಾಯಿಗೆ ಹೆಸರು ಕೊಡೋಣ

ಕನ್ನಡ ನಾಡಿನ ಅನೇಕ ಮನೆಗಳಲ್ಲಿ, ದೇವರ ಗೂಡಿನ ಮಗ್ಗುಲಿಗೋ ಹಳೆಯ ಪೆಟ್ಟಿಗೆಯ ತಳದಲ್ಲೋ, ಒಂದು ಬೆಳ್ಳಿಯ ಬಿಲ್ಲೆ ಬಿದ್ದಿರುವದು. "ನಮ್ಮ ಮುತ್ತಜ್ಜ ದಂಡಿಗೆ ಹೋಗಿದ್ದನಂತೆ, ಬಸರಾ ಲಡಾಯಿ ನೋಡಿ ಬಂದವನಂತೆ" ಎಂಬ ಒಂದು ಮಾತು ಆ ಬಿಲ್ಲೆಯ ಜೊತೆಗೆ ಉಳಿದುಕೊಂಡು ಬಂದಿರುವದು. ಆತನು ಯಾವ ಪಲ್ಟಣದವನು, ಯಾವ ವರ್ಷ ಹಡಗು ಹತ್ತಿದನು, ಯಾವ ರಣದಲ್ಲಿ ನಿಂತನು, ಎಲ್ಲಿ ಗಾಯಗೊಂಡನು ಎಂದು ಕೇಳಿದರೆ ಮನೆಯ ಹಿರಿಯರು ಕೂಡ ಸುಮ್ಮನಾಗುವರು. ನೂರು ವರ್ಷಗಳ ಅವಧಿಯಲ್ಲಿ ಒಬ್ಬ ಮನುಷ್ಯನ ಆಯುಷ್ಯವೆಲ್ಲ ಒಂದು ‘ಅಂತೆ’ಯೊಳಗೆ ಕರಗಿಹೋಯಿತು. ಇದು ಒಂದೆರಡು ಮನೆಗಳ ಮರೆವಾಗಿದ್ದರೆ ನಾವು ಈ ಅಂಕಣಗಳಲ್ಲಿ ಬರೆಯುತ್ತಿರಲಿಲ್ಲ. ನಾಡಿಗೆ ನಾಡೇ ತನ್ನ ಸಿಪಾಯಿಗಳನ್ನು ಹೀಗೆ ಮರೆತು ಕುಳಿತಿರುವದರಿಂದ ಈ ವಿಷಯವನ್ನು ವಾಚಕರ ಮುಂದೆ ಇಡುವದು ಅವಶ್ಯವೆಂದು ತೋರಿತು.

1914ರಿಂದ 1918ರ ವರೆಗೆ ನಡೆದ ಮೊದಲನೆಯ ಮಹಾಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಮಿಕ್ಕಿದ ಜನರು ಸಮುದ್ರ ದಾಟಿ ಹೋದರು. ಅವರಲ್ಲಿ ಸುಮಾರು 74,000 ಜನರು ತಿರುಗಿ ಬರಲಿಲ್ಲ. ಫ್ರಾನ್ಸ, ಈಜಿಪ್ತ, ಪೂರ್ವ ಆಫ್ರಿಕ, ಗೆಲಿಪೊಲಿ ಮೊದಲಾದ ಕಡೆಗಳಿಗೆಲ್ಲ ನಮ್ಮವರು ಹೋದರಾದರೂ ಎಲ್ಲಕ್ಕೂ ದೊಡ್ಡ ಭಾಗವು ಹೋದದ್ದು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಕ್ಕೆ. ಬಸರಾ ಎಂಬ ಊರಿನ ಹೆಸರು ನಮ್ಮ ಹಳ್ಳಿಗಳ ಬಾಯಲ್ಲಿ ಉಳಿದದ್ದು ಈ ಕಾರಣದಿಂದಲೇ.

ಅದೇ ಬಸರಾದಲ್ಲಿ 1929ರಲ್ಲಿ ಒಂದು ಸ್ಮಾರಕವನ್ನು ಅನಾವರಣ ಮಾಡಿದರು. ಮೆಸೊಪೊಟೇಮಿಯಾದಲ್ಲಿ ಮಡಿದು, ಗೋರಿಯ ಗುರುತು ಕೂಡ ಸಿಕ್ಕದ 40,000ಕ್ಕೂ ಹೆಚ್ಚು ಸೈನಿಕರ ನೆನಪಿಗಾಗಿ ಅದನ್ನು ಕಟ್ಟಲಾಯಿತು. ಬ್ರಿಟಿಶ್ ಸೈನಿಕರಲ್ಲಿ ಅಧಿಕಾರಿಯಿಂದ ಸಾಮಾನ್ಯ ಜವಾನನ ವರೆಗೆ ಪ್ರತಿಯೊಬ್ಬನ ಹೆಸರನ್ನೂ ಅಲ್ಲಿಯ ಕಲ್ಲಿನಲ್ಲಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರುಗಳನ್ನಷ್ಟೇ ಕೆತ್ತಿ, ಉಳಿದ ಸಿಪಾಯಿಗಳನ್ನು ಪಲ್ಟಣದ ಹೆಸರಿನ ಕೆಳಗೆ ಇಂತಿಷ್ಟು ಜನರೆಂದು ಎಣಿಸಿ ಬಿಟ್ಟರು. ನಮ್ಮ ದೇಶದ ಅನೇಕ ಹಳ್ಳಿಗಳಲ್ಲಿ ಸರಕಾರವು ನೆಡಿಸಿದ ಅಮೃತಶಿಲೆಯ ಫಲಕಗಳದೂ ಇದೇ ರೀತಿ. ಈ ಊರಿನಿಂದ ಮಹಾಯುದ್ಧಕ್ಕೆ ಹೋದವರು ಇಷ್ಟು, ಸತ್ತವರು ಇಷ್ಟು ಎಂದು ಅಂಕಿಗಳನ್ನು ಬರೆದು ಮುಗಿಸಿರುವರು. ಹೋದವನು ಯಾರ ಮಗನು, ಸತ್ತವನು ಯಾರ ಗಂಡನು ಎಂಬುದನ್ನು ಆ ಕಲ್ಲು ಹೇಳುವದಿಲ್ಲ.

ಈ ತಾರತಮ್ಯವನ್ನು ನಾವು ಮಾತ್ರ ಹೇಳುತ್ತಿಲ್ಲ. ಯುದ್ಧದಲ್ಲಿ ಮಡಿದವರ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು 1917ರಲ್ಲಿ ಹುಟ್ಟಿದ ಸಂಸ್ಥೆ. ಎಲ್ಲರನ್ನೂ ಸಮಾನವಾಗಿ ನೆನೆಯಬೇಕೆಂಬುದೇ ಅದರ ಮೂಲತತ್ವ. ಆ ಆಯೋಗವೇ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡಿತು. 45,000ದಿಂದ 54,000 ಜನರನ್ನು ಅಸಮಾನವಾಗಿ ಸ್ಮರಿಸಲಾಯಿತೆಂದೂ, ಕನಿಷ್ಠಪಕ್ಷ 1,16,000 ಜನರನ್ನು, ಪ್ರಾಯಶಃ 3,50,000 ಜನರ ವರೆಗೂ, ಹೆಸರು ಹಿಡಿದು ಸ್ಮರಿಸಲೇ ಇಲ್ಲವೆಂದೂ ಅದರಲ್ಲಿ ಹೇಳಿದೆ. ಇವರಲ್ಲಿ ಬಹುಜನರು ಆಫ್ರಿಕ ಮತ್ತು ಏಶಿಯಾ ಖಂಡಗಳವರು. ಬ್ರಿಟನ್ನಿನ ರಕ್ಷಣಾ ಸಚಿವರು ಅದೇ ವರ್ಷ ತಮ್ಮ ಪಾರ್ಲಮೆಂಟಿನಲ್ಲಿ ಕ್ಷಮೆ ಯಾಚಿಸಿದರು. ಕ್ಷಮೆ ಯಾಚಿಸಿದ್ದು ಒಳ್ಳೆಯದೇ. ಆದರೆ ಅವರ ಮರೆವಿಗೆ ಅವರು ಉತ್ತರ ಹೇಳಿದರು, ನಮ್ಮ ಮರೆವಿಗೆ ಉತ್ತರ ಹೇಳುವವರು ಯಾರು?

ಏಕೆಂದರೆ ಸಾಮಾನ್ಯ ಯೋಧನ ಹೆಸರನ್ನು ಕಲ್ಲಿನಲ್ಲಿ ಬರೆದಿಡುವದನ್ನು ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ನಮ್ಮ ಹಳ್ಳಿಹಳ್ಳಿಗಳ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳು ಮತ್ತೇನು? ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ತುರುಗಳನ್ನು ಮರಳಿಸಿ ಸತ್ತವನು, ಗಡಿಯ ಕಾಳಗದಲ್ಲಿ ಬಿದ್ದವನು, ಅರಸನ ಜೊತೆಗೆ ದಂಡಯಾತ್ರೆಗೆ ಹೋಗಿ ಮಡಿದವನು ಇವರೆಲ್ಲರ ಹೆಸರು, ಊರು, ಕಾದಿದ ಕಾಳಗ, ಕಲ್ಲು ನಿಲ್ಲಿಸಿದವನು ಯಾರು ಎಂಬುದು, ಆತನ ಮನೆಯವರಿಗೆ ನೆತ್ತರುಗೊಡಗೆಯಾಗಿ ಕೊಟ್ಟ ಭೂಮಿ ಇವೆಲ್ಲವನ್ನೂ ಆ ಕಲ್ಲುಗಳ ಮೇಲೆ ಕಾಣಬಹುದು. ಇಂದಿನ ಭಾಷೆಯಲ್ಲಿ ಹೇಳುವದಾದರೆ ಸೇವಾದಾಖಲೆಯೂ ಕುಟುಂಬದ ಪಿಂಚಣಿಯ ಹುಕುಮೂ ಒಂದೇ ಕಲ್ಲಿನಲ್ಲಿರುವವು.

ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ. ಶ. 949-50ರ ಕಾಲದ ಶಿಲಾಶಾಸನವು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿದೆ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಬೇಕಾದುದನ್ನು ಕೇಳೆಂದು ಒಡೆಯನು ಹೇಳಲು, ಆತನು ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಮಣಲೆರನು ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಸಾವಿರ ವರ್ಷಗಳ ಹಿಂದೆ ಒಂದು ನಾಯಿಯ ಹೆಸರನ್ನು ಕೂಡ ಅಳಿಯಗೊಡದ ನಾಡು ನಮ್ಮದು. ಅದೇ ನಾಡಿನ ಮಕ್ಕಳು ಬಸರಾದ ಕಲ್ಲಿನಲ್ಲಿ ಬರಿಯ ಅಂಕಿಗಳಾಗಿ ನಿಂತಿರುವರು. ಇದನ್ನು ಓದಿ ಮನಸ್ಸಿಗೆ ಚುಚ್ಚದ ಕನ್ನಡಿಗನು ಇರಲಾರನು.

ಇಲ್ಲಿ ಒಂದು ಆಕ್ಷೇಪವು ಬರುವದೆಂಬುದನ್ನು ನಾವು ಬಲ್ಲೆವು. "ಅವರು ಪರರಾಜ್ಯದ ಸಂಬಳಕ್ಕಾಗಿ ಕಾದಿದವರು. ಅವರ ಸ್ಮರಣೆಯಿಂದ ಸ್ವತಂತ್ರ ದೇಶಕ್ಕೇನು ಪ್ರಯೋಜನ?" ಎಂದು ಕೆಲವರು ಕೇಳುವರು. ಪ್ರಶ್ನೆಯು ಹಗುರವಾದುದಲ್ಲ, ಉತ್ತರವನ್ನು ಕೊಡಲೇಬೇಕು. ಆ ಯುದ್ಧದ ಕಾಲಕ್ಕೆ ಸಿಪಾಯಿಯ ಸಂಬಳವು ತಿಂಗಳಿಗೆ 11 ರೂಪಾಯಿ. ಮಳೆ ಬಾರದ ವರ್ಷ ಸಾಲದ ಕಂತು ಕಟ್ಟಲು, ತಂಗಿಯ ಲಗ್ನ ಮಾಡಲು, ಅಡವು ಬಿದ್ದ ಹೊಲವನ್ನು ಬಿಡಿಸಲು ಆ ಹನ್ನೊಂದು ರೂಪಾಯಿಯೇ ದಾರಿಯಾಗಿದ್ದ ಮನೆಗಳು ಎಷ್ಟಿದ್ದವೋ! ಯುದ್ಧವನ್ನು ಸಾರಿದವರು ಬೇರೆ, ಅದರ ಲಾಭ ಉಂಡವರು ಬೇರೆ, ಅದರಲ್ಲಿ ಸತ್ತವರು ಬೇರೆ. ಸತ್ತವನ ಹೆಸರನ್ನು ಹುಡುಕಿದ ಮಾತ್ರಕ್ಕೆ ಸಾಮ್ರಾಜ್ಯದ ಜಯಘೋಷ ಮಾಡಿದಂತಾಗುವದಿಲ್ಲ. ಸಾಮ್ರಾಜ್ಯವು ಆತನನ್ನು ಅಂಕಿಯಾಗಿ ಮಾಡಿತು. ಆತನನ್ನು ಮರಳಿ ಮನುಷ್ಯನನ್ನಾಗಿ ಮಾಡುವದು ಸ್ವತಂತ್ರ ದೇಶದ ಕೆಲಸ. ಆಲೂರ ವೆಂಕಟರಾಯರು ತಮ್ಮ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದ್ದು 1917ರಲ್ಲಿ. ಬ್ರಿಟಿಶ್ ಮತ್ತು ಭಾರತೀಯ ಸೇನೆಗಳು ಬಗದಾದನ್ನು ಹಿಡಿದದ್ದೂ ಅದೇ ವರ್ಷದ ಮಾರ್ಚಿಯಲ್ಲಿ. ಒಂದು ಕಡೆಗೆ ಪುಲಕೇಶಿಯ ದಂಡಯಾತ್ರೆಗಳನ್ನು ಕನ್ನಡಿಗರಿಗೆ ನೆನಪಿಸಿಕೊಡುವ ಕಾರ್ಯವು ನಡೆದಿರಲು, ಇನ್ನೊಂದು ಕಡೆಗೆ ಟೈಗ್ರಿಸ್ ನದಿಯ ದಂಡೆಯ ಮೇಲೆ ನಡೆದವರ ಹೆಜ್ಜೆಗಳು ಯಾರೂ ಬರೆದಿಡದೆ ಅಳಿಸುತ್ತಲಿದ್ದವು.

ಕನ್ನಡ ಸಿಪಾಯಿಯನ್ನು ಹುಡುಕುವದು ಇತರರನ್ನು ಹುಡುಕುವದಕ್ಕಿಂತ ಕಠಿಣ. ಕಾರಣವು ವಾಚಕರಿಗೆ ತಿಳಿದದ್ದೇ. ಆಗ ನಮ್ಮ ನಾಡು ಮುಂಬಯಿ ಇಲಾಖೆ, ಮದ್ರಾಸ ಇಲಾಖೆ, ಮೈಸೂರು ಸಂಸ್ಥಾನ, ನಿಜಾಮರ ಹೈದರಾಬಾದ, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಬೆಳಗಾವಿ, ಧಾರವಾಡಗಳ ಕಡೆಯಿಂದ ಮರಾಠಾ ಪಲ್ಟಣಗಳಿಗೆ ಸೇರಿದವನ ಭಾಷೆಯೂ ಊರೂ ಆ ಪಲ್ಟಣದ ಹೆಸರಿನಲ್ಲಿ ಮುಚ್ಚಿಹೋದವು. ಮದ್ರಾಸ ಸ್ಯಾಪರ್ಸ್ ಪಡೆಯ ಕೇಂದ್ರವು ಬೆಂಗಳೂರಿನಲ್ಲಿಯೇ ಇದ್ದರೂ ಹೆಸರು ಮಾತ್ರ ಮದ್ರಾಸಿನದು. ಮೈಸೂರಿನ ಲ್ಯಾನ್ಸರುಗಳೂ ಹೈದರಾಬಾದಿನ ಲ್ಯಾನ್ಸರುಗಳೂ ಒಂದೇ ಬ್ರಿಗೇಡಿನಲ್ಲಿ ಈಜಿಪ್ತಕ್ಕೆ ಹೋದರು, ಆದರೆ ಲೆಕ್ಕಪತ್ರಗಳು ಎರಡು ಸಂಸ್ಥಾನಗಳಲ್ಲಿ ಬಿದ್ದವು. 1956ರ ನವೆಂಬರ 1ರಂದು ಭೂಮಿಯು ಒಂದಾಯಿತು. ಕಾಗದಗಳು ಒಂದಾಗಲಿಲ್ಲ. ಇಂದಿಗೂ ಹುಡುಕುವವನು ಬೆಂಗಳೂರಿನ ರಾಜ್ಯ ಪತ್ರಾಗಾರ, ಮುಂಬಯಿ, ಚೆನ್ನೈ, ಹೈದರಾಬಾದುಗಳ ಪತ್ರಾಗಾರಗಳು, ದಿಲ್ಲಿಯ ರಾಷ್ಟ್ರೀಯ ಪತ್ರಾಗಾರ, ಕಡೆಗೆ ಲಂಡನ್ನಿನ ದಫ್ತರಗಳು ಹೀಗೆ ಊರೂರು ಅಲೆಯಬೇಕು.

ಹೈಫಾ ಯುದ್ಧದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1918ರ ಸಪ್ಟಂಬರ 23ರಂದು, ತುರ್ಕರ ವಶದಲ್ಲಿದ್ದ ಆ ಪಟ್ಟಣದ ಮೇಲೆ ಜೋಧಪುರದ ಕುದುರೆಸವಾರರು ನೇರವಾಗಿ ನುಗ್ಗಿದರು. ಮೈಸೂರಿನ ಲ್ಯಾನ್ಸರುಗಳು ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಹತ್ತಿ ಅಲ್ಲಿದ್ದ ತೋಪುಗಳನ್ನು ಹಿಡಿದರು. ಭರ್ಚಿ ಕತ್ತಿಗಳಿಂದ ಯಂತ್ರದ ಬಂದೂಕುಗಳನ್ನು ಎದುರಿಸಿದ ಆ ಸಾಹಸವನ್ನು ಇಂದಿಗೂ ಹೊಗಳುವರು. ಮರುತಿಂಗಳು ಅಲೆಪ್ಪೊದ ಹತ್ತಿರ ಹರಿತಾನದಲ್ಲಿಯೂ ಈ ಎರಡು ದಳಗಳೇ ಮುಂದಾಗಿ ಕಾದಿದವು. ದಿಲ್ಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಯೋಧರ ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜಯಚಾಮರಾಜನಗರದಲ್ಲಿಯೂ ಒಂದು ಸ್ಮಾರಕವುಂಟು. ಹೈಫಾದ ಮಾತು ಬಂದಾಗ ಅಂದು ಮಡಿದ ಜೋಧಪುರದ ಮೇಜರ ದಲಪತ ಸಿಂಗರ ಹೆಸರನ್ನು ಇತಿಹಾಸ ಬಲ್ಲವರೆಲ್ಲ ಹೇಳುವರು. ಅದು ಯೋಗ್ಯವೇ ಆಗಿದೆ. ಆದರೆ ಕಾರ್ಮೆಲ್ ಬೆಟ್ಟವನ್ನು ಹತ್ತಿದ ಮೈಸೂರಿನ ಒಬ್ಬನೇ ಒಬ್ಬ ಸವಾರನ ಹೆಸರನ್ನು ಹೇಳೆಂದರೆ ನಮ್ಮ ಶಾಲೆಯ ಮಕ್ಕಳು ಹಾಗಿರಲಿ, ಶಾಲೆಯ ಮಾಸ್ತರರಿಗೂ ಬಾರದು.

ಇನ್ನು ಹುಡುಕುವ ಕ್ರಮವನ್ನು ಹೇಳುವೆವು. ಬಿಲ್ಲೆಯಿದ್ದರೆ ಮೊದಲು ಅದರ ಅಂಚನ್ನು ನೋಡಬೇಕು. ಆ ಯುದ್ಧದ ಬೆಳ್ಳಿಯ ಪದಕದ ಹಾಗೂ ಅದರ ಜೊತೆಗೆ ಕೊಟ್ಟ ಕಂಚಿನ ವಿಜಯಪದಕದ ಅಂಚಿನ ಮೇಲೆ ಸಿಪಾಯಿಯ ನಂಬರು, ದರ್ಜೆ, ಹೆಸರು, ಪಲ್ಟಣ ಇವುಗಳನ್ನು ಇಂಗ್ಲಿಷ ಅಕ್ಷರಗಳಲ್ಲಿ ಒತ್ತಿರುವರು. ನಕ್ಷತ್ರದ ಆಕಾರದ ಪದಕವಾಗಿದ್ದರೆ ಈ ಬರಹವು ಹಿಂಬದಿಗೆ ಇರುವದು. ಬೆಳ್ಳಿಯ ಬದಲು ಅದೇ ಪದಕವು ಕಂಚಿನದಾಗಿದ್ದರೆ ಆತನು ಬಂದೂಕು ಹಿಡಿದವನಾಗಿರದೆ ಕೂಲಿದಳದಲ್ಲೋ ಅಂಥ ಬೇರೆ ಪರಿವಾರದಲ್ಲೋ ದುಡಿದವನೆಂದು ಊಹಿಸಬಹುದು. ಹೇಸರಗತ್ತೆಗಳನ್ನು ನಡೆಸಿದವರು, ನೀರು ಹೊತ್ತವರು, ರಸ್ತೆ ಕಡಿದವರು ಇವರ ಸೇವೆಯೂ ಸೇವೆಯೇ. ಅವರನ್ನು ಬಿಟ್ಟು ಬರೆದ ಚರಿತ್ರೆಯು ಅರ್ಧ ಚರಿತ್ರೆ. ಆದುದರಿಂದ ಅಂಚಿನ ಅಕ್ಷರಗಳನ್ನು ಓದದೆ ಬಿಲ್ಲೆಯನ್ನು ಕರಗಿಸಲಿಕ್ಕಾಗಲಿ ಮಾರಲಿಕ್ಕಾಗಲಿ ಯಾರೂ ಹೋಗಬಾರದು. ಆ ಬೆಳ್ಳಿಗಿಂತ ಆ ಅಕ್ಷರಗಳ ಬೆಲೆ ಹೆಚ್ಚಿನದು.

ಎರಡನೆಯದು ಪಲ್ಟಣದ ವಂಶಾವಳಿ. ಸಿಪಾಯಿಯ ವಂಶವನ್ನು ಹುಡುಕುವ ಮೊದಲು ಪಲ್ಟಣದ ವಂಶವನ್ನು ತಿಳಿಯಬೇಕಾಗುವದು. 1903ರಲ್ಲಿ ಲಾರ್ಡ ಕಿಚನರನು ಸೈನ್ಯದ ಸಂಖ್ಯೆಗಳನ್ನು ಬದಲಿಸಿದಾಗ ಮುಂಬಯಿಯ ಕಾಲಾಳು ಪಲ್ಟಣಗಳಿಗೆ ಸಾಮಾನ್ಯವಾಗಿ ನೂರು ಕೂಡಿಸಿದರು, ಮದ್ರಾಸಿನವಕ್ಕೆ ಅರವತ್ತು ಕೂಡಿಸಿದರು. ಹೀಗೆ ಮುಂಬಯಿಯ 10ನೆಯ ಪಲ್ಟಣವು 110ನೆಯದಾಯಿತು. ಮದ್ರಾಸಿನ 28ನೆಯದು 88ನೆಯ ಕರ್ನಾಟಿಕ ಪಲ್ಟಣವಾಯಿತು. 1922ರಲ್ಲಿ ಮತ್ತೊಮ್ಮೆ ಎಲ್ಲವನ್ನೂ ಬದಲಿಸಿ 103, 105, 110, 114, 116, 117 ಈ ಆರನ್ನೂ ಒಂದು ರೆಜಿಮೆಂಟಿನೊಳಗೆ ತಂದರು. ಅದೇ ಬೆಳಗಾವಿಯಲ್ಲಿ ಕೇಂದ್ರವುಳ್ಳ ಇಂದಿನ ಮರಾಠಾ ಲಾಯ್ಟ ಇನ್‌ಫಂಟ್ರಿ. ಮೈಸೂರಿನ ಲ್ಯಾನ್ಸರುಗಳು ಸ್ವಾತಂತ್ರ್ಯದ ತರುವಾಯ, 1953ರಲ್ಲಿ ಕಟ್ಟಿದ 61ನೆಯ ಅಶ್ವದಳದಲ್ಲಿ ಕೂಡಿಕೊಂಡರು. ಅಜ್ಜನ ಪಲ್ಟಣದ ಹೆಸರು ಇಂದು ಎಲ್ಲಿಯೂ ಕಾಣುವದಿಲ್ಲವೆಂದು ನಿರಾಶರಾಗುವವರು ಈ ಸರಪಳಿಯನ್ನು ಹಿಡಿದು ಬಂದರೆ ದಾರಿ ಸಿಕ್ಕುವದು.

ಪಲ್ಟಣವು ತಿಳಿದ ಮೇಲೆ ಅದರ ಯುದ್ಧದಿನಚರಿಯನ್ನು ನೋಡಬೇಕು. ಯಾವ ದಿನ ಎಲ್ಲಿ ಬೀಡುಬಿಟ್ಟರು, ಎಷ್ಟು ಜನ ಗಾಯಗೊಂಡರು ಎಂಬುದನ್ನು ಪಲ್ಟಣಗಳು ಬರೆದಿಡುತ್ತಿದ್ದವು. ಉದಾಹರಣೆಗೆ, ಬಿಲ್ಲೆಯ ಮೇಲೆ 103, 110 ಅಥವಾ 117 ಎಂದಿದ್ದರೆ ಕುತ್ ನಗರದ ಮುತ್ತಿಗೆಯ ಕಡೆಗೆ ಗಮನ ಕೊಡಬೇಕು. ಈ ಮೂರು ಪಲ್ಟಣಗಳೂ ಅಲ್ಲಿ ಸಿಕ್ಕಿಬಿದ್ದಿದ್ದವು. 1915ರ ಡಿಸೆಂಬರದಲ್ಲಿ ಆರಂಭವಾದ ಆ ಮುತ್ತಿಗೆಯು 147 ದಿನಗಳ ವರೆಗೆ ನಡೆಯಿತು. ಧಾನ್ಯ ತೀರಿತು, ಕುದುರೆ ಹೇಸರಗತ್ತೆಗಳನ್ನು ಕೊಯ್ದರು. ಧರ್ಮಕ್ಕೆ ಅಂಜಿ ಆ ಮಾಂಸವನ್ನು ಮುಟ್ಟಲೊಲ್ಲದ ಅನೇಕ ಭಾರತೀಯ ಸಿಪಾಯಿಗಳು ಬಹುದಿನ ಹಸಿದೇ ಇದ್ದು ರೋಗಕ್ಕೆ ಬಿದ್ದರು. 1916ರ ಎಪ್ರಿಲ 29ರಂದು ಸುಮಾರು 13,000 ಜನರು ಶರಣಾದರು. ಅಲ್ಲಿಂದ ಅವರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಭಾರತೀಯ ಸೆರೆಯಾಳುಗಳಲ್ಲಿ ಬಹುಜನರು ರಾಸ್ ಅಲ್ ಐನ್‌ದಲ್ಲಿ ರೇಲ್ವೆಯ ದಾರಿಯ ಮೇಲೆ ದುಡಿದರು, ಎಷ್ಟೋ ಜನರು ಅಲ್ಲಿಯೇ ಸತ್ತರು. "ಅಜ್ಜ ದಂಡಿನಿಂದ ಬಂದ ಮೇಲೆ ಮಾತೇ ಆಡುತ್ತಿರಲಿಲ್ಲ" ಎಂದು ಹೇಳುವ ಮನೆಯವರಿಗೆ ಆ ಮೌನದ ಅರ್ಥವು ಇಲ್ಲಿ ಹೊಳೆದೀತು.

ಮೂರನೆಯದು ಸತ್ತವರ ಪಟ್ಟಿ. ಬಸರಾದ ಕಲ್ಲಿನಲ್ಲಿ ಕೆತ್ತದ ಹೆಸರುಗಳಲ್ಲಿ ಎಷ್ಟೋ ಹೆಸರುಗಳು ಮೇಲೆ ಹೇಳಿದ ಸಮಾಧಿ ಆಯೋಗದ ಪಟ್ಟಿಯಲ್ಲಿ ಉಂಟು. ಅದನ್ನು ಇಂದು ಮನೆಯಲ್ಲಿ ಕುಳಿತು ಖರ್ಚಿಲ್ಲದೆ ನೋಡಬಹುದು. ಕೆಲವು ಹೆಸರುಗಳ ಮುಂದೆ ತಂದೆಯ ಹೆಸರೂ ಊರೂ ಇರುವವು. ಆದರೆ ಕನ್ನಡ ಹೆಸರನ್ನು ಪರಭಾಷೆಯ ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಬರೆದಿರುವನೆಂಬುದನ್ನು ಮರೆಯಬಾರದು. ಬಸಪ್ಪನು ಹತ್ತು ಬಗೆಯಾಗಿ ಇರಬಹುದು. ಧಾರವಾಡವು ‘ಧಾರವಾರ’, ಬೆಳಗಾವಿಯು ‘ಬೆಲಗಾಂ’, ವಿಜಯಪುರವು ‘ಬಿಜಾಪುರ’, ಕಾರವಾರದ ಸೀಮೆಯು ‘ನಾರ್ಥ ಕಾನಡಾ’ ಆಗಿರುವವು. ಹಳೆಯ ಹೆಸರುಗಳಿಂದಲೇ ಹುಡುಕಬೇಕು.

ವಕೀಲಿಯ ಅನುಭವದಿಂದ ಒಂದು ಎಚ್ಚರಿಕೆಯ ಮಾತನ್ನೂ ಹೇಳುವೆವು. ಮನೆಯವರ ಮಾತು ಸಾಕ್ಷಿಯೇ ಸರಿ, ಆದರೆ ಪುರಾವೆ ಕೂಡಿದಾಗಲೇ ಅದಕ್ಕೆ ಬಲ. ಪಲ್ಟಣವು ಕುತ್‌ನಲ್ಲಿ ಇದ್ದಿತೆಂಬ ಮಾತ್ರಕ್ಕೆ ಅದರ ಪ್ರತಿಯೊಬ್ಬ ಸಿಪಾಯಿಯೂ ಕುತ್‌ನಲ್ಲಿ ಇದ್ದನೆಂದು ಆಗುವದಿಲ್ಲ. ಡಿಪೋದಲ್ಲಿ ಉಳಿದವರಿದ್ದರು, ತಡವಾಗಿ ಸೇರಿದವರಿದ್ದರು. ಒಂದೇ ಹೆಸರಿನ ಇಬ್ಬರು ಒಂದೇ ಪಲ್ಟಣದಲ್ಲಿ ಇರಬಹುದು, ಆಗ ನಂಬರೊಂದೇ ಗತಿ. ಸಿಕ್ಕದ ಜಾಗವನ್ನು ಅಭಿಮಾನದಿಂದ ತುಂಬಬಾರದು. ಸಿಪಾಯಿಯಾಗಿದ್ದವನನ್ನು ಸುಭೇದಾರನನ್ನಾಗಿ ಮಾಡಿದರೆ ಆತನ ಕೀರ್ತಿಯೇನೂ ಹೆಚ್ಚದು. ಖರೆಯ ಸಿಪಾಯಿಯೊಬ್ಬನನ್ನು ಕಳೆದುಕೊಂಡು ಸುಳ್ಳು ಸುಭೇದಾರನೊಬ್ಬನನ್ನು ಪಡೆದಂತಾಗುವದು.

ಮನೆಮನೆಯವರು ಮಾಡಬೇಕಾದ ಕೆಲಸ ಇದಾಯಿತು. ನಾಡು ಮಾಡಬೇಕಾದುದು ಬೇರೆ. ಮೊದಲನೆಯ ಮಹಾಯುದ್ಧದ ತರುವಾಯ ಪಂಜಾಬದ ಸರಕಾರವು ಊರೂರಿನ ಸಿಪಾಯಿಗಳ ಪಟ್ಟಿಯನ್ನು ಬರೆಸಿತ್ತು. ಆ ದಫ್ತರಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಹತ್ತಿರಹತ್ತಿರ ನೂರು ವರ್ಷ ಯಾರೂ ನೋಡದೆ ಬಿದ್ದಿದ್ದವು. ಅವುಗಳಲ್ಲಿ ಸುಮಾರು 3,20,000 ಸಿಪಾಯಿಗಳ ವಿವರಗಳಿರುವವು. 2021ರಲ್ಲಿ ಅವುಗಳಲ್ಲಿಯ ಮೂರು ಜಿಲ್ಲೆಗಳ ಪಟ್ಟಿಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರು. ವಿದೇಶಗಳಲ್ಲಿ ನೆಲೆಸಿದ ಪಂಜಾಬಿಗಳು ಕೂಡ ತಮ್ಮ ಊರಿನ ಹೆಸರಿನಿಂದ ಹುಡುಕಿ ತಮ್ಮ ಅಜ್ಜಂದಿರನ್ನು ಕಾಣುವಂತಾಯಿತು. ಅದು ಪಂಜಾಬಿನವರ ಪಟ್ಟಿ. ನಮ್ಮ ಪಟ್ಟಿಯನ್ನು ನಾವೇ ಬರೆಯಬೇಕು.

ಕೆಲಸವೇನೂ ನಮ್ಮ ಶಕ್ತಿಗೆ ಮೀರಿದುದಲ್ಲ. ಒಂದೊಂದು ತಾಲೂಕಿಗೆ ಒಂದು ಸಿಪಾಯಿ ದಫ್ತರವನ್ನು ಇಡಬೇಕು. ಅದರಲ್ಲಿ ಹೆಸರು, ತಂದೆಯ ಹೆಸರು, ಊರು, ನಂಬರು, ಪಲ್ಟಣ, ಹೋದ ವರ್ಷ, ಬಂದ ವರ್ಷ ಅಥವಾ ಸತ್ತ ವರ್ಷ, ಇದಕ್ಕೆ ಆಧಾರವೇನು ಎಂಬ ಎಂಟು ಕಲಮುಗಳಿದ್ದರೆ ಸಾಕು. ಪ್ರೌಢಶಾಲೆಯ ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ತಮ್ಮ ಊರಿನ ಮನೆಗಳನ್ನು ತಿರುಗಿ ಇದನ್ನು ಬರೆದುಕೊಳ್ಳಬಲ್ಲರು. ಜಿಲ್ಲೆಯ ಸೈನಿಕ ಕಲ್ಯಾಣದ ಕಚೇರಿಯವರು ಪಿಂಚಣಿಯ ಹಳೆಯ ಕಾಗದಗಳನ್ನು ತೋರಿಸಿ ನೆರವಾಗಬಲ್ಲರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಊರುಗಳಿಂದ ಬಂದುದನ್ನು ದಾಖಲೆಗಳೊಡನೆ ತಾಳೆ ನೋಡಬಲ್ಲವು. ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿ ಉಳಿದ ಕನ್ನಡ ಸೀಮೆಯ ಸೈನ್ಯದ ಕಾಗದಗಳ ಪ್ರತಿಗಳನ್ನು ನಮ್ಮ ರಾಜ್ಯ ಪತ್ರಾಗಾರವು ತರಿಸಿಕೊಳ್ಳಬೇಕು. ಏಕೀಕರಣದ ಹೋರಾಟಗಾರರು ಭೂಮಿಯ ಗಡಿಗಳನ್ನು ಕೂಡಿಸಿಕೊಟ್ಟರು. ನೆನಪಿನ ಗಡಿಗಳನ್ನು ಕೂಡಿಸುವ ಹೊಣೆಯು ನಮ್ಮದು.

ತಡಮಾಡಲು ವೇಳೆಯಿಲ್ಲ. ಆ ಯುದ್ಧಕ್ಕೆ ಹೋದವರಲ್ಲಿ ಯಾರೂ ಉಳಿದಿಲ್ಲ. ಅವರನ್ನು ಕಣ್ಣಿನಿಂದ ಕಂಡ ಮೊಮ್ಮಕ್ಕಳೂ ಈಗ ಮುಪ್ಪಾಗಿರುವರು. ಅವರ ಬಾಯಿಂದ ಊರಿನ ಹೆಸರು, ಹಡಗಿನ ಕಥೆ, ಹಾಡಿನ ಒಂದು ಚೂರು ಇವುಗಳಲ್ಲಿ ಏನಾದರೂ ಬರೆದುಕೊಳ್ಳುವದಿದ್ದರೆ ಈ ವರ್ಷವೇ ಬರೆದುಕೊಳ್ಳಬೇಕು. ಕಲ್ಲನ್ನು ಆಮೇಲೆ ನೆಡಬಹುದು, ಹೆಸರು ಮೊದಲು ಬೇಕು. ಕನ್ನಡಿಗರು ಈ ಕಾರ್ಯಕ್ಕೆ ಕೂಡಲೆ ಕೈಹಾಕುವರೆಂದು ನಾವು ನಂಬಿರುವೆವು.